ಮೀಟರಿಗೆ ಹಾಗನ್ನಿಸುತ್ತಿದೆ, ಅಷ್ಟೇ

ಮಂಗಳವಾರ ಸಂಜೆ ನನ್ನ ಶುಗರ್ 386 ಬಂತು. ಇವರ ಕೈ ನಡುಗಿದ್ದನ್ನು ಇಷ್ಟು ವರ್ಷದಲ್ಲಿ ಎರಡೇ ಸಲ ಕಂಡಿದ್ದೇನೆ. ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ದಿನ ಒಮ್ಮೆ, ಈಗ ಇನ್ನೊಮ್ಮೆ. ಮಧ್ಯಾಹ್ನದ ಊಟವನ್ನೇ ಅರ್ಧ ಬಿಟ್ಟವಳು ನಾನು, ಎಲ್ಲಿಂದ ಬರಬೇಕು ಅಷ್ಟು ಸಕ್ಕರೆ? ಇನ್ನೊಂದು ಬೆರಳು ಚುಚ್ಚಿದರು. 391. ಇವರು ಮಾತೇ ಆಡದೆ ಇನ್ಸುಲಿನ್ ಪೆನ್ ತೆಗೆದು ಯೂನಿಟ್ ತಿರುಗಿಸತೊಡಗಿದರು.

ಡ್ರಿಪ್ ಹಾಕಿದ್ದ ಜಾಗ ಊದಿದೆಯೇನೋ ನೋಡಲು ಬಂದ ನರ್ಸ್, ಪೆನ್ ಕಂಡದ್ದೇ ಇವರ ಮಣಿಕಟ್ಟು ಹಿಡಿದುಬಿಟ್ಟಳು. "ಅದು ಸಕ್ಕರೆಯಲ್ಲ. ಮೀಟರಿಗೆ ಹಾಗನ್ನಿಸುತ್ತಿದೆ, ಅಷ್ಟೇ."

ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು. 128.

ಆ ದಿನ ನನ್ನ ನರಕ್ಕೆ ಹರಿದದ್ದು 30 ಗ್ರಾಂ ವಿಟಮಿನ್ ಸಿ. ಸ್ಟ್ರಿಪ್ಪಿನ ಮೇಲಿನ ರಾಸಾಯನಿಕ ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಮೀಟರ್ ಆ ಕರೆಂಟನ್ನು ಅಳೆದು ಅಂಕಿ ತೋರಿಸುತ್ತದೆ. ವಿಟಮಿನ್ ಸಿ ಕೂಡ ಧಾರಾಳವಾಗಿ ಎಲೆಕ್ಟ್ರಾನ್ ಕೊಡುವ ಪದಾರ್ಥ. ಕೊಟ್ಟವರು ಯಾರು ಎಂದು ಮೀಟರ್ ವಿಚಾರಿಸುವುದಿಲ್ಲ. ಅದನ್ನು ನಂಬಿ ಇನ್ಸುಲಿನ್ ಹಾಕಿದ್ದರೆ ಆ 128 ಎಲ್ಲಿಗೆ ಇಳಿದಿರುತ್ತಿತ್ತೋ! ಮೊದಲ ದಿನ ಸಹಿ ಮಾಡಿಸಿಕೊಂಡ ಕಾಗದದಲ್ಲಿ ಇದೆಲ್ಲ ಬರೆದಿತ್ತಂತೆ. ಡ್ರಿಪ್ಪಿಗೆ ಮುಂಚೆ ಕಿಡ್ನಿ ಪರೀಕ್ಷೆ, ಕೆಂಪು ರಕ್ತಕಣ ಒಡೆಯಬಾರದೆಂದು ಜಿ6ಪಿಡಿ ಪರೀಕ್ಷೆ, ಎಲ್ಲ ಮಾಡಿದ್ದರು. ಕಾಗದ ಓದದೆ ಇದ್ದದ್ದು ನಾವು.

ಸ್ತನ ಕ್ಯಾನ್ಸರಿನ ಆಪರೇಷನ್, ಕಿಮೋ, ರೇಡಿಯೇಷನ್ ಮುಗಿಸಿಕೊಂಡೇ, ಮೂರು ವಾರದ ಬದಲಿ ಚಿಕಿತ್ಸೆಗೆಂದು ಈ ಜರ್ಮನಿಗೆ ಬಂದವಳು ನಾನು. ಈಗ ಉಳಿದಿರುವುದು ಕ್ಯಾನ್ಸರ್ ಮರಳಿ ಬರದಿರಲೆಂದು ದಿನಾ ನುಂಗುವ ಲೆಟ್ರೊಜೋಲ್ ಮಾತ್ರೆ, ಅದು ತಂದ ಕೀಲುನೋವು, ಬಾರದ ನಿದ್ದೆ. ಕರೆಸಿಕೊಂಡವನು ಇಲ್ಲೇ ಕೆಲಸದಲ್ಲಿರುವ ಮೈದುನ. ಹುಡುಗ ಒಳ್ಳೆಯವನೇ. ದುಡ್ಡು ಹೆಚ್ಚಾದಷ್ಟೂ ಔಷಧಿಗೆ ಶಕ್ತಿ ಹೆಚ್ಚು ಎಂಬ ನಂಬಿಕೆಯೊಂದನ್ನು ಬಿಟ್ಟರೆ. ನಮ್ಮ ಆಂಕಾಲಜಿಸ್ಟ್ ಮಾತ್ರ, "ಹೋಗಿ ಬನ್ನಿ, ಆ ಮಾತ್ರೆ ಒಂದು ದಿನವೂ ತಪ್ಪಬಾರದು" ಎಂದು ಎರಡೆರಡು ಸಲ ಹೇಳಿ ಕಳಿಸಿದ್ದರು.

ಬೆಳಿಗ್ಗೆ ಹೊಟ್ಟೆಯ ಚರ್ಮಕ್ಕೆ ಮಿಸಲ್‌ಟೋ ಇಂಜೆಕ್ಷನ್. ನಮ್ಮ ಬಂದಳಿಕೆಯ ಹಾಗೆ ಮರದ ಮೇಲೆ ಬದುಕುವ ಗಿಡ ಅದು. ಚುಚ್ಚಿದ ಜಾಗ ಕೆಂಪಗಾದರೆ ಇವರಿಗೆಲ್ಲ ಸಂತೋಷ. ಇದನ್ನು ಕ್ಯಾನ್ಸರಿಗೆ ಸೂಚಿಸಿದವರು ರುಡಾಲ್ಫ್ ಸ್ಟೈನರ್, ನೂರು ವರ್ಷದ ಹಿಂದೆ. ತತ್ವಜ್ಞಾನಿ, ಡಾಕ್ಟರಲ್ಲ. ಮರಕ್ಕೆ ಬಂದಳಿಕೆ ಹೇಗೋ ಮೈಗೆ ಕ್ಯಾನ್ಸರ್ ಹಾಗೆ ಎಂಬ ಹೋಲಿಕೆಯಿಂದ ಹುಟ್ಟಿದ ಮದ್ದು. ನಗು ಬಂತು. ನಗುತ್ತಲೇ ಹೊಟ್ಟೆ ಒಡ್ಡಿದೆ ಅನ್ನಿ.

ಕೀಲುನೋವಿಗೆ ಅಕ್ಯುಪಂಕ್ಚರ್. ಇದರ ಮೇಲೆ ಸರಿಯಾದ ಅಧ್ಯಯನ ಆಗಿದೆ, 2018ರಲ್ಲಿ ಪ್ರಕಟವಾದದ್ದು. ನನ್ನಂಥದೇ ಮಾತ್ರೆ ನುಂಗುವ 226 ಹೆಂಗಸರು. ನಿಜವಾದ ಚುಚ್ಚಿಗೂ ತೋರಿಕೆಯ ಚುಚ್ಚಿಗೂ ಆರು ವಾರದಲ್ಲಿ ನೋವಿನಲ್ಲಿ ಕಂಡ ವ್ಯತ್ಯಾಸ ಹತ್ತಕ್ಕೆ ಸುಮಾರು ಒಂದು ಅಂಕ. ನನ್ನ ಬೆರಳುಗಳು ಈಗ ಮುಷ್ಟಿಯಾಗುತ್ತಿವೆ. ಅದು ಆ ಒಂದು ಅಂಕವೋ, ಗಡಿಯಾರ ನೋಡದೆ ಮುಕ್ಕಾಲು ಗಂಟೆ ನನ್ನ ಮಾತು ಕೇಳುವ ಡಾಕ್ಟರಮ್ಮನೋ? ನಿದ್ದೆ ಬರುತ್ತಿದೆ, ಮನಸ್ಸು ಹಗುರಾಗಿದೆ. ಮಂಗಳವಾರದವರೆಗೆ ಇದನ್ನೆಲ್ಲ ಗುಣ ಎಂದೇ ಬರೆದಿಟ್ಟುಕೊಳ್ಳುತ್ತಿದ್ದೆ. ಈಗ ಬರೆಯಲು ಕೂತರೆ ನರ್ಸಿನ ದನಿ ಕೇಳುತ್ತದೆ. ಮೀಟರಿಗೆ ಹಾಗನ್ನಿಸುತ್ತಿದೆ, ಅಷ್ಟೇ.

ಯೋಚಿಸಿದರೆ ಈ ಮೀಟರ್ ಮೊದಲೂ ಕೈಕೊಟ್ಟಿತ್ತು. ಎದೆಯಲ್ಲಿ ಮೂರು ಸೆಂಟಿಮೀಟರ್ ಗಂಟು ಇಟ್ಟುಕೊಂಡು, ಒಂದು ನೆಗಡಿಯೂ ಇಲ್ಲ ಎಂದು ಬೀಗಿಕೊಂಡು ತಿರುಗಿದವಳಲ್ಲವೇ ನಾನು.

ಡ್ರಿಪ್ ಕೋಣೆಯಲ್ಲಿ ಪಕ್ಕದ ಕುರ್ಚಿಯವಳು ಇನ್ನಾವುದೋ ದೇಶದವಳು. ನನ್ನದೇ ಕಾಯಿಲೆ, ಇನ್ನೂ ಹರಡಿಲ್ಲ. ಆಪರೇಷನ್ ಬೇಡ ಎಂದು ಎದ್ದು ಬಂದವಳು. "ಎಷ್ಟು ಚೆನ್ನಾಗಿದ್ದೀನಿ ನೋಡು" ಅನ್ನುತ್ತಾಳೆ, ಕೆನ್ನೆಯೂ ಹೊಳೆಯುತ್ತದೆ. ಗುಣವಾಗಬಲ್ಲ ಹಂತದಲ್ಲೇ ಮುಖ್ಯ ಚಿಕಿತ್ಸೆ ಬಿಟ್ಟು ಬರೀ ಬದಲಿ ಚಿಕಿತ್ಸೆ ನಂಬಿದವರಿಗೆ ಸಾವಿನ ಅಪಾಯ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮೇಲೆ ಎಂದು ಯೇಲ್ ವಿಶ್ವವಿದ್ಯಾಲಯದವರ ಅಧ್ಯಯನವಿದೆ. ಆಕೆಗೆ ಇದನ್ನು ಹೇಳಬೇಕಲ್ಲ ಎಂದು ದಿನಾ ಅಂದುಕೊಳ್ಳುತ್ತೇನೆ. ಬಾಯಿ ಬರುವುದಿಲ್ಲ. ಕೋಪವೂ ಬರುತ್ತದೆ, ಅವಳ ಮೇಲಲ್ಲ, ಗೋಡೆಯ ಮೇಲಿನ ಜಲಪಾತದ ಚಿತ್ರಗಳ ಮೇಲೆ. ಈ ಚಿಕಿತ್ಸೆ ಕ್ಯಾನ್ಸರ್ ಮರಳಿ ಬರದ ಹಾಗೆ ತಡೆಯುತ್ತದಾ ಎಂದು ನಾನು ಕೇಳಿದ್ದಕ್ಕೆ ಡಾಕ್ಟರಮ್ಮ, "ಅದಕ್ಕೆ ನಿಮ್ಮ ಆ ಪುಟ್ಟ ಮಾತ್ರೆ ಇದೆಯಲ್ಲ" ಎಂದಿದ್ದರು. ಅವಳೂ ಕೇಳಿರುತ್ತಾಳೆ. ಅವಳಿಗೆ ಏನೆಂದರೋ.

ಗುರುವಾರ ಅವಳೇ ಕೇಳಿದಳು, ನಿನ್ನ ಗಂಡ ಯಾಕೆ ಅಷ್ಟು ಹೆದರಿದ್ದು ಎಂದು. ಮೀಟರಿನ ಕತೆ ಹೇಳಿದೆ. ಕೈಗೆ ಚುಚ್ಚಿದ ಸೂಜಿ ಅಲುಗುವಷ್ಟು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಮತ್ತೆ ನಿಜವಾದ್ದು ಹೇಗೆ ಗೊತ್ತಾಯ್ತು?" ಎಂದಳು.

"ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು."

"ನೋವಾಯ್ತಾ?"

"ಸ್ವಲ್ಪ."

ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಹನಿ ಬೀಳುತ್ತಿದ್ದ ಬಾಟಲಿಯನ್ನೇ ನೋಡುತ್ತ ಮಲಗಿದಳು.