ಅಗಲ ಆಮೇಲೆ, ಮೊದಲು ರಬ್ಬರ್

ನನ್ನ ಕಾರಿನ ಟೈರುಗಳು ಸವೆದಿವೆ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಪುಟ್ಟ ದಿಬ್ಬಗಳಿರುತ್ತವೆ, ನೋಡಿರಬಹುದು. ಅವುಗಳ ಎತ್ತರ 1.6 ಮಿ.ಮೀ.; ಕಾರಿನ ಟೈರಿಗೆ ಬಹಳಷ್ಟು ದೇಶಗಳ ಕಾನೂನು ಒಪ್ಪುವ ಕನಿಷ್ಠ ಆಳವೂ ಅಷ್ಟೇ. ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಇಳಿಯುವವರೆಗೆ ನಾನು ಕಾಯುವುದಿಲ್ಲ. 3 ಮಿ.ಮೀ. ಆಗುವ ಹೊತ್ತಿಗೇ ಮಳೆನೀರನ್ನು ಹೊರದಬ್ಬುವ ಕಸುವು ಎಷ್ಟೋ ಕುಗ್ಗಿರುತ್ತದೆ. ತಿರುವುಗಳ ರಸ್ತೆಯಲ್ಲಿ ಕಾರು ಓಡಿಸುವುದೆಂದರೆ ನನಗೆ ಪ್ರಾಣ. ಹಾಗಾಗಿ ಈ ಸಲ ಹಿಡಿತಕ್ಕೆಂದೇ ತಯಾರಿಸಿದ ಟೈರುಗಳನ್ನು ಹಾಕಿಸುತ್ತಿದ್ದೇನೆ.

ವಿಷಯ ತಿಳಿದ ಗೆಳೆಯರೆಲ್ಲ ಮೊದಲು ಕೇಳಿದ್ದು ‘ಎಷ್ಟು ಅಗಲದ್ದು ಹಾಕಿಸುತ್ತೀಯ?’ ಎಂದು. ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಟೈರು ನೆಲಕ್ಕೆ ಎಷ್ಟು ಜಾಗದಲ್ಲಿ ಕೂರುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಅವೆರಡೂ ಬದಲಾಗದಿದ್ದರೆ, ಅಗಲದ ಟೈರು ಹಾಕಿದಾಗ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ತಿರುವಿನಲ್ಲಿ ಇದರಿಂದ ಒಂದಿಷ್ಟು ಲಾಭ ಇರುವುದು ನಿಜ. ಆದರೆ ನೀರು ನಿಂತ ರಸ್ತೆಯಲ್ಲಿ ಅದೇ ಅಗಲ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕಾಗುತ್ತದೆ, ಕಾರು ಇನ್ನೂ ಕಡಿಮೆ ವೇಗದಲ್ಲೇ ನೀರಿನ ಮೇಲೆ ತೇಲತೊಡಗುತ್ತದೆ. ಹಿಡಿತದಲ್ಲಿ ಎದ್ದು ಕಾಣುವ ವ್ಯತ್ಯಾಸ ಬರುವುದು ರಬ್ಬರಿನ ಮಿಶ್ರಣದಿಂದ, ಒಳಗಿನ ಹೆಣಿಗೆಯಿಂದ.

ಮಿಶ್ರಣದ ಸುಳಿವು ಟೈರಿನ ಪಕ್ಕೆಯ ಮೇಲೆಯೇ ಸಿಗುತ್ತದೆ. ಅಮೆರಿಕದ ಪದ್ಧತಿಯಂತೆ ‘ಟ್ರೆಡ್‌ವೇರ್’ ಎಂದು ಒಂದು ಅಂಕಿ ಅಚ್ಚಾಗಿರುತ್ತದೆ. ದೀರ್ಘ ಬಾಳಿಕೆಯ ಟೈರಿನಲ್ಲಿ ಅದು 400, 500 ದಾಟಿರುತ್ತದೆ. ಕ್ರೀಡಾ ಟೈರುಗಳಲ್ಲಿ ಹೆಚ್ಚಾಗಿ 300ರ ಆಸುಪಾಸು. ರೇಸ್ ಟ್ರ್ಯಾಕಿನ ಮೇಲೆ ಕಣ್ಣಿಟ್ಟು ಮಾಡಿದವುಗಳಲ್ಲಿ 200 ಅಥವಾ ಅದಕ್ಕೂ ಕಡಿಮೆ. ಅಂಕಿ ಇಳಿದಷ್ಟೂ ರಬ್ಬರಿನ ಹಿಡಿತ ಸಾಮಾನ್ಯವಾಗಿ ಹೆಚ್ಚು, ಆದರೆ ಅದು ಬೇಗ ಸವೆಯುತ್ತದೆ. ಈ ಪರೀಕ್ಷೆಯನ್ನು ನಡೆಸಿ ಅಂಕಿ ಕೊಡುವವರು ತಯಾರಕರೇ ಆದ್ದರಿಂದ ಒಂದು ಕಂಪನಿಯ 300 ಇನ್ನೊಂದರ 300ಕ್ಕೆ ಸಮ ಎಂದುಕೊಳ್ಳಬಾರದು. ಒಂದೇ ಕಂಪನಿಯ ಟೈರುಗಳ ನಡುವೆ ಹೋಲಿಸಿದರೆ ಮಾತ್ರ ಅದಕ್ಕೆ ಬೆಲೆ. ಬೇಸಿಗೆಗೆಂದು ಮಾಡಿದ ಕ್ರೀಡಾ ರಬ್ಬರ್ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ ಎಂಬುದನ್ನೂ ನೆನಪಿಡಬೇಕು.

ಇನ್ನು ಅಳತೆಗೆ ಬರೋಣ. ನನ್ನ ಕಾರಿನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ 185/65 ಆರ್15 88ಎಚ್ ಎಂದಿದೆ. 185 ಮಿ.ಮೀ. ಅಗಲ, ಆ ಅಗಲದ ಶೇ. 65ರಷ್ಟು ಪಕ್ಕೆಯ ಎತ್ತರ, 15 ಇಂಚಿನ ರಿಮ್. ಪಕ್ಕೆಯ ಎತ್ತರವನ್ನು ಇಮ್ಮಡಿಸಿ ರಿಮ್ಮಿನ ವ್ಯಾಸವನ್ನು ಕೂಡಿಸಿದರೆ ಒಟ್ಟು ವ್ಯಾಸ 621.5 ಮಿ.ಮೀ. ಈ ಸಂಖ್ಯೆ ನಮ್ಮ ಕೈಲಿರಬೇಕು. ವೇಗಸೂಚಿ, ಗೇರುಗಳ ಅನುಪಾತ, ಬ್ರೇಕಿನ ಎಬಿಎಸ್ ಲೆಕ್ಕಾಚಾರ ಎಲ್ಲವೂ ಇದನ್ನೇ ನಂಬಿಕೊಂಡಿವೆ. ಹೊಸ ಟೈರಿನ ವ್ಯಾಸ ಇದಕ್ಕಿಂತ ಶೇ. 3ಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಎಂಬುದು ಈ ವಿಷಯ ಬಲ್ಲವರ ರೂಢಿಯ ಮಾತು. ನಾನು ಶೇ. 1ರೊಳಗೆ ಉಳಿಯಲು ನೋಡುತ್ತೇನೆ.

ಕಾರು ಎತ್ತರವಾಗಿ ಕಾಣಲಿ ಎಂದು ಕೆಲವರು 205/60 ಆರ್16 ಹಾಕಿಸುತ್ತಾರೆ. ಅದರ ವ್ಯಾಸ 652.4 ಮಿ.ಮೀ., ನನ್ನದಕ್ಕಿಂತ ಸುಮಾರು ಶೇ. 5 ದೊಡ್ಡದು. ದೊಡ್ಡ ಚಕ್ರ ಅಷ್ಟೇ ದೂರಕ್ಕೆ ಕಡಿಮೆ ಸುತ್ತು ಸುತ್ತುವುದರಿಂದ ಕಾರು ನಿಜವಾಗಿ ಓಡುವ ವೇಗಕ್ಕಿಂತ ಮುಳ್ಳು ಕಡಿಮೆ ತೋರಿಸುವ ಅಪಾಯವಿದೆ. ವಿಶ್ವಸಂಸ್ಥೆಯ ಚೌಕಟ್ಟಿನಲ್ಲಿ ರೂಪುಗೊಂಡು ಹಲವು ದೇಶಗಳು ಅನುಸರಿಸುವ ನಿಯಮದಲ್ಲಿ ವೇಗಸೂಚಿ ಹೆಚ್ಚು ತೋರಿಸಬಹುದು, ನಿಜದ ವೇಗಕ್ಕಿಂತ ಕಡಿಮೆ ಮಾತ್ರ ತೋರಿಸುವಂತಿಲ್ಲ.

ಅಳತೆಯ ಚರ್ಚೆಯಲ್ಲಿ ಯಾರೂ ಗಮನಿಸದೆ ಉಳಿಯುವುದು ಕೊನೆಯ ಅಂಕಿ ಮತ್ತು ಅಕ್ಷರ. ನನಗೆ ನಿಜಕ್ಕೂ ಕಳವಳ ತರುವ ವಿಷಯ ಇದು. 88 ಎಂದರೆ ಒಂದು ಟೈರು 560 ಕಿಲೋ ಹೊರಬಲ್ಲದು. ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ. ಈಗ 17 ಇಂಚಿಗೆ ಹೋಗೋಣ ಎಂದುಕೊಳ್ಳಿ. 205/45 ಆರ್17ರ ವ್ಯಾಸ 616.3 ಮಿ.ಮೀ., ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಅದರ ಸಾಧಾರಣ ಟೈರಿನ ಭಾರದ ಅಂಕಿ 84, ಅಂದರೆ 500 ಕಿಲೋ. ನಾಲ್ಕು ಚಕ್ರಕ್ಕೆ ಸೇರಿ 240 ಕಿಲೋ ಹೊರುವ ಶಕ್ತಿ ಕಡಿಮೆಯಾಯಿತು! ನೋಟಕ್ಕೆ ಅಗಲ, ಭಾರಕ್ಕೆ ಬಡಕಲು. ಇಡೀ ಕುಟುಂಬ ಸಾಮಾನು ಸಮೇತ ಕೂತು ಹೊರಟಾಗ ಹಿಂಬದಿಯ ಟೈರುಗಳು ಏನು ಅನುಭವಿಸುತ್ತವೆ ಎಂದು ಯೋಚಿಸಿ. ಅದೇ ಅಳತೆಯಲ್ಲಿ ಎಕ್ಸ್‌ಎಲ್ ಎಂಬ ಗುರುತಿನ, 88 ಅಂಕಿಯ ಟೈರುಗಳೂ ಇವೆ, ಕೇಳಿ ಪಡೆಯಬೇಕು. ಅವು ಪೂರ್ತಿ ಭಾರ ಹೊರಲು ಗಾಳಿಯೂ ಹೆಚ್ಚು ಬೇಕು. ಸಾಧಾರಣ ಟೈರಿನ ಭಾರವನ್ನು 2.5 ಬಾರ್ ಒತ್ತಡದಲ್ಲಿ ಲೆಕ್ಕಹಾಕಿದರೆ ಎಕ್ಸ್‌ಎಲ್ ಟೈರಿನದನ್ನು 2.9 ಬಾರ್‌ನಲ್ಲಿ ಲೆಕ್ಕಹಾಕುತ್ತಾರೆ.

ನಾನು ಆರಿಸಿದ್ದು 195/55 ಆರ್16. ವ್ಯಾಸ 620.9 ಮಿ.ಮೀ., ಮೂಲದ್ದಕ್ಕೂ ಇದಕ್ಕೂ ಒಂದು ಮಿಲಿಮೀಟರಿನ ಅಂತರವೂ ಇಲ್ಲ. ಮೂಲ ಅಳತೆಯಲ್ಲೇ ಉಳಿಯುವ ಆಸೆ ನನಗಿತ್ತು, ಆದರೆ 185/65 ಆರ್15ರಲ್ಲಿ ಕ್ರೀಡಾ ರಬ್ಬರ್ ಸಿಗುವುದೇ ಅಪರೂಪ. ನನ್ನ ಕಾರಿನ ಮೇಲಿನ ಶ್ರೇಣಿಯ ಮಾದರಿಗೆ ತಯಾರಕರೇ 195/55 ಆರ್16 ಕೊಡುತ್ತಾರೆ, ಅದೇ ಚೀಟಿಯಲ್ಲಿ ಎರಡನೆಯ ಸಾಲಾಗಿ ಅದು ನಮೂದಾಗಿದೆ. ಕಾನೂನಿನ ಮಟ್ಟಿಗೆ ಇದಕ್ಕಿಂತ ಸುರಕ್ಷಿತ ದಾರಿ ನನಗೆ ಗೊತ್ತಿಲ್ಲ. ದಾಖಲೆಯಲ್ಲಿಲ್ಲದ ಅಳತೆ ಹಾಕಿಸಿದರೆ ಜರ್ಮನಿಯಂಥ ಕಡೆ ಹೆಚ್ಚಿನ ಸಂದರ್ಭಗಳಲ್ಲಿ ತಜ್ಞರ ತಪಾಸಣೆ ಬೇಕಾಗುತ್ತದೆ. ವಿಮೆಯವರು ತಕರಾರು ತೆಗೆಯಲು ಎಲ್ಲೆಡೆಯೂ ಅದೊಂದು ನೆಪವಾದೀತು. ಭಾರದ ಅಂಕಿಯಲ್ಲಿ 87ರದ್ದನ್ನು ಬಿಟ್ಟು 91ವಿ ಎಕ್ಸ್‌ಎಲ್ ತೆಗೆದುಕೊಂಡೆ: 615 ಕಿಲೋ, 240 ಕಿ.ಮೀ.

ಟ್ರೆಡ್‌ವೇರ್ 200ರ ಟೈರುಗಳು ಮನಸ್ಸನ್ನು ಸೆಳೆದವು. ಅವುಗಳಲ್ಲಿ ಹಲವು ರಸ್ತೆಗೆ ಕಾನೂನುಬದ್ಧವೇ. ರಸ್ತೆಯ ನಿಯಮಗಳಿಗೆ ಹೊಂದುತ್ತದೆ ಎಂದು ಸೂಚಿಸುವ, ವೃತ್ತದೊಳಗಿನ ‘ಇ’ ಅಕ್ಷರವೋ ಅಮೆರಿಕದ ‘ಡಾಟ್’ ಗುರುತೋ ಇರುತ್ತದೆ. ಸ್ಪರ್ಧೆಗೆ ಮಾತ್ರ ಎಂದು ಅಚ್ಚಾದ ನುಣುಪು ಟೈರುಗಳು ಬೇರೆ, ಅವು ರಸ್ತೆಗೆ ಸಲ್ಲವು. ಆದರೂ 200ರ ಟೈರಿನ ಆಳವಿಲ್ಲದ ಗೆರೆಗಳನ್ನು ಬೆರಳಿನಿಂದ ಸವರಿ ನೋಡಿದಾಗ ಜೋರು ಮಳೆಯಲ್ಲಿ ಇದನ್ನು ನಂಬಲಾರೆ ಅನ್ನಿಸಿತು. ದಿನವೂ ಓಡಿಸುವ ಕಾರು ನನ್ನದು. 300ರ ಆಸುಪಾಸಿನದ್ದೇ ಸಾಕು.

ಹೊಸ ರಿಮ್ಮುಗಳ ಅಗಲ 6 ಇಂಚು, ಒಳಚಾಚು (ಚಕ್ರ ಕಾರಿನ ಒಳಬದಿಗೆ ಎಷ್ಟು ಸರಿದು ಕೂರುತ್ತದೆ ಎಂಬ ‘ಆಫ್‌ಸೆಟ್’ ಅಳತೆ) ಮೂಲದ್ದರಷ್ಟೇ. ಒಂದು ಚಕ್ರವನ್ನು ಜೋಡಿಸಿದ ಮೇಲೆ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಬಗ್ಗಿ, ಟೈರಿಗೂ ಒಳಗಿನ ಸಸ್ಪೆನ್ಶನ್ ಕಂಬಕ್ಕೂ ನಡುವೆ ಬೆರಳು ತೂರಿಸಿ ನೋಡಿದೆ. ಸಲೀಸಾಗಿ ಹೋಯಿತು. ಪೂರ್ತಿ ಬಲಕ್ಕೆ ತಿರುಗಿಸಿಯೂ ನೋಡಿದೆ. ಮಡ್‌ಗಾರ್ಡಿನ ಅಂಚಿನಿಂದ ಟೈರು ಹೊರಗೆ ಇಣುಕುತ್ತಿರಲಿಲ್ಲ. ಪಕ್ಕೆಯ ಮೇಲಿನ ತಯಾರಿಕೆಯ ನಾಲ್ಕು ಅಂಕಿಗಳನ್ನೂ ಓದಿಕೊಂಡೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕೂ ಟೈರುಗಳದ್ದು ಒಂದೇ ವಾರ. ಆಮೇಲೆಯೇ ಉಳಿದ ಮೂರನ್ನು ಜೋಡಿಸಲು ಹೇಳಿದೆ.

ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುಪದಾರ್ಥದ ಪಸೆ ಉಳಿದಿರುತ್ತದೆ. ಮೊದಲ ಕೆಲವು ನೂರು ಕಿಲೋಮೀಟರು ತಿರುವುಗಳಲ್ಲಿ ಆತುರಪಡದೆ ಓಡಿಸುತ್ತಿದ್ದೇನೆ. 100 ಕಿ.ಮೀ. ಆಗುವಷ್ಟರಲ್ಲಿ ಚಕ್ರದ ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಇನ್ನೊಮ್ಮೆ ಬಿಗಿ ನೋಡುವುದಿದೆ.