ಫ್ರಿಜ್ ಮೇಲಿನ ಚೀಟಿ

ಬೆಳಿಗ್ಗೆ ನ್ಯೂಜೆರ್ಸಿಯಿಂದ ಅಕ್ಕನ ವಿಡಿಯೋ ಕಾಲ್. ಮಗನಿಗೆ 20 ತುಂಬಿದೆ.

ಕೇಕ್ ಹಿಂದೆ, ಫ್ರಿಜ್ ಮೇಲೆ ಒಂದು ಚೀಟಿ. ವೀಸಾ ಬುಲೆಟಿನ್ ತಾರೀಕು: ಅಮೆರಿಕದಲ್ಲಿ ಕಾಯಂ ನೆಲೆಸೋಕೆ ಬೇಕಾದ ಗ್ರೀನ್ ಕಾರ್ಡಿನ ಸರದಿ ಯಾವ ದಿನದ ಅರ್ಜಿಯವರೆಗೆ ಬಂತು ಅಂತ ಅಲ್ಲಿನ ಸರ್ಕಾರ ತಿಂಗಳಿಗೊಮ್ಮೆ ಹೇಳೋದು. ತಿಂಗಳು ತಿಂಗಳೂ ಹೊಡೆದು ಹಾಕಿ ಮತ್ತೆ ಬರೆದದ್ದು.

"ಮುಂದಿನ ವರ್ಷ ಇವನು ಅವರ ಲೆಕ್ಕದಲ್ಲಿ ಮಗು ಅಲ್ಲ ಕಣೋ" ಎಂದಳು.

ಎರಡು ವರ್ಷದವನಿದ್ದಾಗ ಹೋದ ಹುಡುಗ. 21 ಆದರೆ ಅಪ್ಪ ಅಮ್ಮನ ಗ್ರೀನ್ ಕಾರ್ಡ್ ಅರ್ಜಿಯಿಂದ ಹೊರಗೆ.

ಕೆಲಸದ ಮೇಲಿನ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದು ದೇಶಕ್ಕೆ ಶೇ. 7ರ ಮಿತಿ. ಭಾರತಕ್ಕೂ ಅಷ್ಟೇ, ಪುಟ್ಟ ಐಸ್‌ಲ್ಯಾಂಡಿಗೂ ಅಷ್ಟೇ.

ಎಷ್ಟು ಜನ ಬರಬೇಕು ಅನ್ನೋದು ಆ ದೇಶದ ಹಕ್ಕು, ಒಪ್ಪುತ್ತೇನೆ. ಆದರೆ ಅಲ್ಲೇ ಬೆಳೆದ ಮಕ್ಕಳ ವಯಸ್ಸನ್ನಾದರೂ ಅರ್ಜಿ ಹಾಕಿದ ದಿನಕ್ಕೇ ಹಿಡಿದಿಡಬಹುದಲ್ವಾ?

ಅವನು ಮೇಣದಬತ್ತಿ ಊದಿದ. ಅಕ್ಕ ಚಪ್ಪಾಳೆ ತಟ್ಟೋದನ್ನೇ ಮರೆತಳು.