ಕೆಂಪು ಕಲ್ಲಿನ ಗುಳ್ಳೆಗಳು

ಸಾಂದ್ರತೆ ಅಂದರೆ ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸುವುದು. ಒಂಬತ್ತನೇ ತರಗತಿಯಲ್ಲಿ ಇದನ್ನು ಬಾಯಿಪಾಠ ಮಾಡಿಸಿ, ಎರಡು ಲೆಕ್ಕ ಬಿಡಿಸಿದರೆ ಪಾಠ ಮುಗಿದ ಹಾಗೆ. ಬೀದರಿನ ನಮ್ಮ ಶಾಲೆಯಲ್ಲಿ ಅದು ಹಾಗೆ ಮುಗಿಯಲಿಲ್ಲ. ವಿಜ್ಞಾನದ ಸರ್ ಸೂತ್ರವನ್ನು ಬೋರ್ಡಿನ ಮೇಲೆ ಬರೆದದ್ದೇ ಕೊನೆಗೆ. ಅಲ್ಲಿಯವರೆಗೆ ನಾವು ಕಲ್ಲು ತೂಗುತ್ತಿದ್ದೆವು.

ಕಲ್ಲಿಗೆ ನಮ್ಮ ಕಡೆ ಏನು ಕೊರತೆ? ಗೋಡೆ ಕಟ್ಟುವ ಕೆಂಪು ಕಲ್ಲು, ನೆಲಕ್ಕೆ ಹಾಸುವ ಶಹಾಬಾದ್ ಫರಸಿ, ಹೊಲದ ಬದುವಿನ ಕರಿಕಲ್ಲು. ಬಿದರಿ ಕೆಲಸದವರ ಮನೆಯ ಹುಡುಗನೊಬ್ಬ ಎರಕದ ತುಂಡೊಂದನ್ನು ತಂದಿದ್ದ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರೆದದ್ದು, ಬೆಳ್ಳಿ ಕೂರಿಸುವ ಮುಂಚಿನದು. ಎಲ್ಲವೂ ಹೆಚ್ಚು ಕಡಿಮೆ ಒಂದೇ ಗಾತ್ರ. "ಸುಮ್ನೆ ನೋಡಬ್ಯಾಡ್ರಿ, ಕೈಯಾಗ ಹಿಡದು ಹೇಳ್ರಿ" ಅನ್ನುತ್ತಿದ್ದರು ಸರ್. ಬಿದರಿ ತುಂಡು ಇಟ್ಟ ಕೂಡಲೇ ಕೈ ಕೆಳಗೆ ಜಗ್ಗುತ್ತಿತ್ತು. ಅಷ್ಟೇ ಗಾತ್ರದ ನೀರಿಗಿಂತ ಅದು ಏಳು ಪಟ್ಟು ಭಾರ ಅಂತ ಲೆಕ್ಕ ಹಾಕುವ ಮೊದಲೇ ಕೈಗೆ ಗೊತ್ತಾಗಿಬಿಟ್ಟಿತ್ತು.

ಸಾಪೇಕ್ಷ ಸಾಂದ್ರತೆ, ಅಂದರೆ ವಸ್ತುವಿನ ಸಾಂದ್ರತೆ ನೀರಿನದಕ್ಕಿಂತ ಎಷ್ಟು ಪಟ್ಟು ಅನ್ನುವ ಲೆಕ್ಕ, ಬಂದಾಗ ಮಾತ್ರ ಎಲ್ಲರಿಗೂ ಗೊಂದಲ. ಫರಸಿಗೆ ಒಂದು ಕಡೆ 2.7, ಇನ್ನೊಂದು ಕಡೆ 2700. ಯಾವುದು ಸರಿ? ಘನ ಸೆಂಟಿಮೀಟರಿಗೆ ಗ್ರಾಂ ಲೆಕ್ಕದಲ್ಲಿ ನೀರು 1, ಘನ ಮೀಟರಿಗೆ ಕಿಲೋಗ್ರಾಂ ಲೆಕ್ಕದಲ್ಲಿ ಅದೇ ನೀರು 1000. ಎರಡರಲ್ಲೂ ಕಲ್ಲನ್ನು ನೀರಿನಿಂದ ಭಾಗಿಸಿ ನೋಡಿ, 2.7 ಬರುತ್ತದೆ. "ನೀರಿನಕಿಂತ ಎಷ್ಟು ಪಟ್ಟು ಅಂತ ಕೇಳಿದ ಮ್ಯಾಲ ಏಕಮಾನ ಯಾಕ ಬೇಕ್ರೆಪಾ?" ಅಂದರು. ಈ ಭಾಗವನ್ನು ಇದಕ್ಕಿಂತ ಸರಳವಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಪಕ್ಕಕ್ಕೆ ಮೂತಿ ಇರುವ ಡಬ್ಬಿಯಲ್ಲಿ ಮೂತಿಯ ತನಕ ನೀರು. ಮೇಲೆ ಸ್ಪ್ರಿಂಗ್ ತ್ರಾಸು, ಅದಕ್ಕೆ ದಾರದಲ್ಲಿ ಕಟ್ಟಿದ ಫರಸಿ. ಗಾಳಿಯಲ್ಲಿ 270 ಗ್ರಾಂ ತೋರಿಸುವ ಕಲ್ಲು ಪೂರ್ತಿ ಮುಳುಗಿದಾಗ 170 ತೋರಿಸುತ್ತದೆ. ಕಡಿಮೆಯಾದದ್ದು 100. ಬೀಕರಿಗೆ ಚೆಲ್ಲಿದ ನೀರನ್ನು ತೂಗಿದರೆ ಅದೂ 100. ಅಂದರೆ ಕಲ್ಲಿನಷ್ಟೇ ಗಾತ್ರದ ನೀರಿನ ತೂಕ ತಾನಾಗಿಯೇ ಸಿಕ್ಕಿತು. ಸೊಟ್ಟಂಬಟ್ಟ ಕಲ್ಲಿನ ಗಾತ್ರ ಅಳೆಯುವ ಗೋಜೇ ಇಲ್ಲ. 270ನ್ನು 100ರಿಂದ ಭಾಗಿಸಿದರೆ ಮುಗೀತು.

ಕೆಂಪು ಕಲ್ಲಿನ ಸರದಿ ಬಂದಾಗ ಲೆಕ್ಕ ನಿಲ್ಲಲೇ ಇಲ್ಲ. ಒಣ ಕಲ್ಲನ್ನು ನೀರಿಗೆ ಇಳಿಸಿದ್ದೇ ತಡ, ಮೈಯ ತೂತುಗಳಿಂದ ಗುಳ್ಳೆಗಳು ಸಾಲಾಗಿ ಎದ್ದವು. ತ್ರಾಸಿನ ಮುಳ್ಳು ಒಂದು ಕಡೆ ನಿಲ್ಲದೆ ನಿಧಾನವಾಗಿ ಜಾಸ್ತಿಯ ಕಡೆಗೆ ಸರಿಯುತ್ತಿತ್ತು. ಗಾಳಿ ಹೊರಬಂದಷ್ಟೂ ನೀರು ಒಳಗೆ ಹೋಗಿ ಕಲ್ಲು ನೀರಿನಲ್ಲಿ ಭಾರವಾಗುತ್ತಿತ್ತು. ಯಾವ ಅಂಕಿ ಬರೆಯಬೇಕು ಅಂತ ನಾವು ಕೇಳಿದೆವು. ಸರ್ ಉತ್ತರ ಹೇಳಲಿಲ್ಲ. ಮರುದಿನ ಅಂಥದೇ ಇನ್ನೊಂದು ತುಂಡಿಗೆ ತೆಳ್ಳಗೆ ಮೇಣ ಸವರಿ ತಂದರು. ಗುಳ್ಳೆ ಬರಲಿಲ್ಲ, ಮುಳ್ಳು ನಿಂತಿತು, ಉತ್ತರ ಸಣ್ಣದಾಯಿತು. ರಾತ್ರಿಯಿಡೀ ನೆನೆದ ತುಂಡಿನ ಉತ್ತರ ದೊಡ್ಡದಿತ್ತು. ತೂತುಗಳನ್ನೂ ಕಲ್ಲಿನ ಗಾತ್ರದಲ್ಲಿ ಸೇರಿಸಿದರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು. ಎರಡನ್ನೂ ಬರೆಸಿ, ಯಾವುದಕ್ಕೆ ಏನು ಅರ್ಥ ಅಂತ ನಮ್ಮಿಂದಲೇ ಹೇಳಿಸಿದರು.

ನೌಬಾದಿನ ಸುರಂಗ ಬಾವಿಯ ಮಾತು ಬಂದದ್ದೂ ಆಗಲೇ. ಮಳೆ ನೀರು ಈ ಕೆಂಪು ಕಲ್ಲಿನ ತೂತು, ಬಿರುಕುಗಳಲ್ಲಿ ಇಳಿದು, ಕೆಳಗಿನ ಕರಿಕಲ್ಲಿನ ಮೇಲೆ ತಡೆದು ನಿಲ್ಲುತ್ತದೆ. ಬಹಮನಿ ಕಾಲದವರು ಅದನ್ನು ತಿಳಿದು ಸುರಂಗ ತೋಡಿಸಿದರು. ದಿನಾ ನೋಡುವ ಗೋಡೆಯ ಕಲ್ಲಿನೊಳಗೆ ಇಷ್ಟು ಜಾಗ ಇದೆ ಅಂತ ನಮಗೆ ತೋರಿಸಿಕೊಟ್ಟದ್ದು ಆ ತ್ರಾಸು.

ನಾನು ಈಗ ರಸ್ತೆ ಕಾಮಗಾರಿಗೆ ಬರುವ ಜಲ್ಲಿಯನ್ನು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಜಲ್ಲಿಯನ್ನು ತಂತಿ ಬುಟ್ಟಿಯಲ್ಲಿಟ್ಟು ನೀರಿಗೆ ಇಳಿಸುತ್ತೇವೆ. ಕೂಡಲೇ ಬುಟ್ಟಿಯನ್ನು 25 ಮಿಲಿಮೀಟರ್ ಎತ್ತಿ ಬಿಡಬೇಕು, ಸೆಕೆಂಡಿಗೊಮ್ಮೆಯಂತೆ 25 ಸಲ. ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಲಿ ಅಂತ. ಆಮೇಲೆ 24 ಗಂಟೆ ನೆನೆಸಿ, ನೀರೊಳಗೇ ತೂಗುತ್ತೇವೆ. ಮೈ ಒರೆಸಿ ಮತ್ತೆ ತೂಕ, ಓವನ್ನಿನಲ್ಲಿ ಒಣಗಿಸಿ ಇನ್ನೊಂದು ತೂಕ. ಹೊಸದಾಗಿ ಸೇರಿದವರು ಇದನ್ನು ನಿಯಮದ ಪುಸ್ತಕ ನೋಡಿ ಮಾಡುತ್ತಾರೆ. ಯಾಕೆ ಎತ್ತಿ ಬಿಡಬೇಕು ಅಂತ ಕೇಳಿದರೆ ಅವರಿಗೆ ನಾನು ಮೊದಲು ಒಂದು ಒಣ ಕೆಂಪು ಕಲ್ಲನ್ನು ಬಕೆಟ್ಟಿಗೆ ಹಾಕಿ ತೋರಿಸುತ್ತೇನೆ.

ಶಾಲೆಯ ಈಗಿನ ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ. ನಾಲ್ಕೂ ಬಗೆಯ ತುಂಡುಗಳನ್ನು ಒಂದೇ ಅಳತೆಗೆ ಕೊಯ್ಯಿಸಿ ಕೊಡಲು ನಾನು ತಯಾರಿದ್ದೇನೆ, ಜೊತೆಗೆ ತಂತಿ ಬುಟ್ಟಿಯೂ ಬರುತ್ತದೆ. ಒಂಬತ್ತನೇ ತರಗತಿಗೆ ಈ ಪಾಠ ಶುರುವಾಗುವ ಮುಂಚೆ ತಿಳಿಸಿದರೆ ಸಾಕು.